ಹೆಣ್ಣು ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ಅವುಗಳ ಸ್ವಭಾವ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆ, ಹಿತ್ತಲು, ಕಣ, ದನದ ಕೊಟ್ಟಿಗೆ ಮತ್ತು ಕುರಿ ಹಿಂಡುಗಳ ಕಾವಲಿಗಾಗಿ ನಾಯಿಗಳನ್ನು ಸಾಕುವುದು ಹಿಂದಿನಿಂದಲೂ ನಡೆದುಬಂದಿದೆ. ಸಾಕಲು ಮರಿ ಆರಿಸುವಾಗ ಗಂಡು ಮರಿಗೆ ಬೇಡಿಕೆ ಹೆಚ್ಚು. ಹೆಣ್ಣು ನಾಯಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ, ಮರಿ ಹಾಕುತ್ತದೆ, ಮರಿ ಹಾಕಿದಾಗ ಹತ್ತಿರ ಹೋದವರನ್ನು ಕಚ್ಚುತ್ತದೆ ಎಂಬುದು ಇದಕ್ಕೆ ಮುಖ್ಯ ಕಾರಣ. ಹೀಗಾಗಿ ಹೆಣ್ಣು ಮರಿಗಳನ್ನು ಊರ ಹೊರಗೆ, ಸಂತೆಯ ಬಯಲಿನಲ್ಲಿ ಅಥವಾ ರಸ್ತೆ ಬದಿಯಲ್ಲಿ ಬಿಟ್ಟುಬರುವ ಪ್ರಸಂಗಗಳು ನಡೆಯುತ್ತವೆ. ಹಾಗೆ ಬಿಟ್ಟ ಮರಿಗಳಲ್ಲಿ ಬದುಕಿ ಉಳಿದವು ಬೀದಿ ನಾಯಿಗಳಾಗಿ ಮತ್ತೆ ಮರಿ ಹಾಕುತ್ತವೆ.

ಹೆಣ್ಣು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಪಶುವೈದ್ಯ ಸಂಸ್ಥೆಗಳಿಗೆ ಬರುವ ಸಾರ್ವಜನಿಕರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಸಾಮಾನ್ಯವಾಗಿವೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಚ್ಚುವ ನಾಯಿ ಸಂಪೂರ್ಣ ಶಾಂತವಾಗುತ್ತದೆ ಎಂಬುದು ಮೊದಲನೆಯದು. ಶಸ್ತ್ರಚಿಕಿತ್ಸೆಯಾದ ನಾಯಿ ಸೋಮಾರಿಯಾಗಿ ಕಾವಲು ಬಿಡುತ್ತದೆ ಎಂಬುದು ಎರಡನೆಯದು. ಈ ಎರಡೂ ಅಭಿಪ್ರಾಯಗಳು ಸರಿಯಲ್ಲ.

ನಾಯಿಯ ಅಂಡಾಶಯದಿಂದ ಹುಟ್ಟುವ ವರ್ತನೆಯನ್ನು ಶಸ್ತ್ರಚಿಕಿತ್ಸೆಯು ನಿಲ್ಲಿಸುತ್ತದೆ. ಅಂಜಿಕೆಯಿಂದ, ಅಭ್ಯಾಸದಿಂದ ಅಥವಾ ನೋವಿನಿಂದ ಹುಟ್ಟಿದ ವರ್ತನೆಯನ್ನು ಅದು ನಿಲ್ಲಿಸುವುದಿಲ್ಲ. ಆದುದರಿಂದ ಅರ್ಜಿದಾರರು ತಮ್ಮ ನಾಯಿ ಯಾವ ಸಂದರ್ಭದಲ್ಲಿ, ಯಾರ ಮೇಲೆ, ಏಕೆ ಎರಗುತ್ತದೆ ಎಂಬುದನ್ನು ಮೊದಲು ಗಮನಿಸುವುದು ಅವಶ್ಯ. ಈ ಕುರಿತ ವಿವರಗಳನ್ನು ಮುಂದಿನ ಕಂಡಿಕೆಗಳಲ್ಲಿ ನೀಡಲಾಗಿದೆ.

2. ಸಂತಾನಹರಣ ಶಸ್ತ್ರಚಿಕಿತ್ಸೆ ಎಂದರೇನು?

ನಾಯಿಗೆ ಪೂರ್ಣ ಅರಿವಳಿಕೆ ನೀಡಿ, ಹೊಟ್ಟೆಯ ಭಾಗದಲ್ಲಿ ಸಣ್ಣ ಗಾಯ ಮಾಡಿ, ಎರಡೂ ಅಂಡಾಶಯಗಳನ್ನು ಮತ್ತು ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆದುಹಾಕುವ ವಿಧಾನಕ್ಕೆ ಹೆಣ್ಣು ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಇದು ಮನುಷ್ಯರಲ್ಲಿ ಮಾಡುವ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯಂತೆ ಕೇವಲ ನಾಳ ಕಟ್ಟುವ ಕ್ರಮವಲ್ಲ. ಅಂಡಾಶಯಗಳನ್ನೇ ತೆಗೆಯುವುದರಿಂದ ಅವುಗಳಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಉತ್ಪತ್ತಿಯೂ ನಿಲ್ಲುತ್ತದೆ. ನಾಯಿ ಬೆದೆಗೆ ಬರುವುದಿಲ್ಲ, ಗರ್ಭ ಧರಿಸುವುದಿಲ್ಲ. ನಡವಳಿಕೆಯಲ್ಲಿ ಕೆಲವು ಬದಲಾವಣೆಗಳಾಗಲು ಈ ಹಾರ್ಮೋನುಗಳ ಅಭಾವವೇ ಕಾರಣ.

3. ಬೆದೆಯ ಚಕ್ರ ಮತ್ತು ನಾಯಿಯ ಸ್ವಭಾವ

ಹೆಣ್ಣು ನಾಯಿ ಸಾಮಾನ್ಯವಾಗಿ 6 ರಿಂದ 12 ತಿಂಗಳ ವಯಸ್ಸಿನಲ್ಲಿ ಮೊದಲ ಬಾರಿ ಬೆದೆಗೆ ಬರುತ್ತದೆ. ಬಳಿಕ ಸುಮಾರು 6 ರಿಂದ 7 ತಿಂಗಳಿಗೊಮ್ಮೆ ಬೆದೆ ಮರುಕಳಿಸುತ್ತದೆ. ಪ್ರತಿ ಬೆದೆಯ ಅವಧಿ ಸುಮಾರು 3 ವಾರಗಳು. ಗರ್ಭಾವಧಿ ಸುಮಾರು 63 ದಿನಗಳು. ಈ ಚಕ್ರದ ಮೂರು ಹಂತಗಳಲ್ಲಿ ನಾಯಿಯ ಸ್ವಭಾವ ಬದಲಾಗುತ್ತದೆ.

(ಅ) ಬೆದೆಯ ಹಂತ: ನಾಯಿ ಚಂಚಲವಾಗುತ್ತದೆ, ಮನೆ ಬಿಟ್ಟು ಓಡುತ್ತದೆ, ಇತರ ಹೆಣ್ಣು ನಾಯಿಗಳೊಂದಿಗೆ ಜಗಳವಾಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಅದರ ಬೆನ್ನು ಹತ್ತುವ ಗಂಡು ನಾಯಿಗಳ ಗುಂಪಿನಿಂದ ಒದಗುತ್ತದೆ. ಗುಂಪಿನಲ್ಲಿ ಕಚ್ಚಾಟ ನಡೆಯುವಾಗ ದಾರಿಹೋಕರು, ಶಾಲೆಗೆ ಹೋಗುವ ಮಕ್ಕಳು ಮತ್ತು ದ್ವಿಚಕ್ರ ವಾಹನ ಸವಾರರು ತೊಂದರೆಗೆ ಸಿಲುಕುತ್ತಾರೆ.

(ಆ) ಮರಿ ಹಾಕಿದ ಹಂತ: ತಾಯಿ ನಾಯಿ ಮರಿಗಳ ಬಳಿ ಬರುವವರನ್ನು, ಕೆಲವೊಮ್ಮೆ ಮನೆಯವರನ್ನೂ, ಗುರುಗುಟ್ಟಿ ಓಡಿಸುತ್ತದೆ ಅಥವಾ ಕಚ್ಚುತ್ತದೆ. ಬೀದಿ ನಾಯಿಗಳು ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಹೆಚ್ಚಾಗಿ ಕೂಡುವುದರಿಂದ ಚಳಿಗಾಲದಲ್ಲಿ ಮರಿಗಳ ಸಂಖ್ಯೆ ಹೆಚ್ಚು. ಗ್ರಾಮಗಳಲ್ಲಿ ಅದು ರಾಶಿಯ ಕಾಲವೂ ಹೌದು. ಬಣವೆಯ ಬುಡ, ಕಟ್ಟಿಗೆಯ ಒಟ್ಟಿಲು, ಕೊಟ್ಟಿಗೆಯ ಮೂಲೆ ಇವು ನಾಯಿ ಮರಿ ಹಾಕುವ ಸ್ಥಳಗಳು. ಹುಲ್ಲು ಹಿರಿಯಲು ಅಥವಾ ಕಟ್ಟಿಗೆ ತರಲು ಹೋದವರು ಅರಿಯದೆ ಕೈ ಹಾಕಿ ಕಡಿತಕ್ಕೆ ಒಳಗಾಗುತ್ತಾರೆ.

(ಇ) ಹುಸಿ ಗರ್ಭದ ಹಂತ: ಗರ್ಭ ಧರಿಸದಿದ್ದರೂ ಬೆದೆಯ ನಂತರ ಸುಮಾರು 2 ತಿಂಗಳವರೆಗೆ ಪ್ರೊಜೆಸ್ಟರಾನ್ ಪ್ರಮಾಣ ಹೆಚ್ಚೇ ಇರುತ್ತದೆ. ಅದು ಇಳಿಯುವಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಆಗ ಕೆಲವು ನಾಯಿಗಳ ಮೊಲೆ ಬಾತು ಹಾಲು ಇಳಿಯುತ್ತದೆ. ಅವು ನೆಲ ಕೆರೆದು ಗೂಡು ಮಾಡಿಕೊಳ್ಳುತ್ತವೆ, ಚಪ್ಪಲಿ ಅಥವಾ ಬಟ್ಟೆಯನ್ನು ಮರಿಯೆಂದು ಭಾವಿಸಿ ಕಾಯುತ್ತವೆ, ಅದನ್ನು ತೆಗೆದುಕೊಳ್ಳಲು ಹೋದ ಮಕ್ಕಳನ್ನು ಕಚ್ಚುತ್ತವೆ. ಮರಿಗಳಿಲ್ಲದಿದ್ದರೂ ನಾಯಿ ಇದ್ದಕ್ಕಿದ್ದಂತೆ ಸಿಟ್ಟಾಯಿತು ಎಂದು ಮಾಲೀಕರು ಹೇಳುವ ಅನೇಕ ಪ್ರಕರಣಗಳಿಗೆ ಇದು ಕಾರಣವಾಗಿರಬಹುದು.

4. ಶಸ್ತ್ರಚಿಕಿತ್ಸೆಯಿಂದ ನಿಲ್ಲುವ ವರ್ತನೆಗಳು

ಮೇಲಿನ ಮೂರೂ ಹಂತಗಳ ವರ್ತನೆ ಅಂಡಾಶಯದ ಹಾರ್ಮೋನುಗಳಿಗೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯಾದ ನಾಯಿಯಲ್ಲಿ ಇವು ಮುಂದೆ ಮರುಕಳಿಸುವುದಿಲ್ಲ. ಬೆದೆಯ ಕಾಲದ ಅಲೆದಾಟ ಹಾಗೂ ಜಗಳ, ಗಂಡು ನಾಯಿಗಳ ಗುಂಪು ಸೇರುವುದು, ಮರಿಗಳ ರಕ್ಷಣೆಗಾಗಿ ಕಚ್ಚುವುದು ಮತ್ತು ಹುಸಿ ಗರ್ಭದ ಸಿಡುಕು ಇವೆಲ್ಲ ನಿಲ್ಲುತ್ತವೆ. ವರ್ಷದಲ್ಲಿ ಎರಡು ಬಾರಿ ಮಾತ್ರ ಸಿಡುಕಾಗಿ ಉಳಿದ ದಿನಗಳಲ್ಲಿ ಶಾಂತವಾಗಿರುವ ನಾಯಿಗೆ ಶಸ್ತ್ರಚಿಕಿತ್ಸೆ ಅತ್ಯಂತ ಸೂಕ್ತ ಪರಿಹಾರ.

5. ಶಸ್ತ್ರಚಿಕಿತ್ಸೆಯಿಂದ ನಿಲ್ಲದ ವರ್ತನೆಗಳು

ಈ ಕೆಳಕಂಡ ಕಾರಣಗಳಿಂದ ಎರಗುವ ನಾಯಿಯ ಸ್ವಭಾವ ಶಸ್ತ್ರಚಿಕಿತ್ಸೆಯೊಂದರಿಂದಲೇ ಬದಲಾಗುವುದೆಂದು ನಿರೀಕ್ಷಿಸಬಾರದು.

(ಅ) ಅಂಜಿಕೆ: ನಾಯಿಮರಿ 3 ರಿಂದ 14 ವಾರಗಳ ವಯಸ್ಸಿನಲ್ಲಿ ಮನುಷ್ಯರ, ಮಕ್ಕಳ, ಬೇರೆ ಪ್ರಾಣಿಗಳ ಮತ್ತು ವಾಹನಗಳ ಒಡನಾಟಕ್ಕೆ ಹೊಂದಿಕೊಳ್ಳುತ್ತದೆ. ಈ ಅವಧಿಯಲ್ಲಿ ಜನರ ಸಂಪರ್ಕವಿಲ್ಲದೆ ಬೆಳೆದ ಅಥವಾ ಕಲ್ಲೇಟು ತಿಂದು ಬೆಳೆದ ನಾಯಿ ಮುಂದೆ ಅಪರಿಚಿತರನ್ನು ಕಂಡು ಹೆದರುತ್ತದೆ, ಹೆದರಿಕೆಯಿಂದಲೇ ಕಚ್ಚುತ್ತದೆ. ಊರ ಹೊರಗೆ ಬಿಟ್ಟುಬಂದ ಮರಿಗಳು ಬೆಳೆದು ಜನರ ಮೇಲೆರಗಲು ಇದೂ ಒಂದು ಕಾರಣ.

(ಆ) ಕಟ್ಟಿಹಾಕುವುದು: ಹಗಲಿರುಳು ಗಿಡ್ಡ ಸರಪಳಿಯಲ್ಲಿ ಇರುವ ನಾಯಿಗೆ ಓಡಿ ತಪ್ಪಿಸಿಕೊಳ್ಳಲು ಅವಕಾಶವಿಲ್ಲ. ಹತ್ತಿರ ಬಂದವರ ಮೇಲೆ ಎರಗುವುದು ಅದಕ್ಕೆ ಅಭ್ಯಾಸವಾಗುತ್ತದೆ. ಅತಿ ಗಿಡ್ಡ ಸರಪಳಿಯಲ್ಲಿ ಅತಿ ಹೆಚ್ಚು ಕಾಲ ಕಟ್ಟುವುದು ಮತ್ತು ಸದಾ ಕಟ್ಟಿದ ನಾಯಿಗೆ ಅಡ್ಡಾಡಲು ಬಿಡದಿರುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದಂತೆ ಅಪರಾಧವೂ ಆಗಿದೆ.

(ಇ) ಆಹಾರ ಮತ್ತು ಜಾಗದ ರಕ್ಷಣೆ: ಊಟದ ಬೋಗುಣಿ, ಮಲಗುವ ಜಾಗ ಅಥವಾ ಮನೆಯ ಅಂಗಳವನ್ನು ಕಾಯುವ ಸ್ವಭಾವ ಅಂಡಾಶಯಕ್ಕೆ ಸಂಬಂಧಿಸಿದ್ದಲ್ಲ.

(ಈ) ನೋವು ಮತ್ತು ರೋಗ: ಕಿವಿಯ ಹುಣ್ಣು, ಮುರಿದ ಕಾಲು, ಹಲ್ಲುನೋವು ಮೊದಲಾದವುಗಳಿಂದ ಶಾಂತ ನಾಯಿಯೂ ಕಚ್ಚುತ್ತದೆ. ಇಲ್ಲಿ ಮೂಲ ರೋಗಕ್ಕೆ ಚಿಕಿತ್ಸೆ ಆಗತಕ್ಕದ್ದು. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿ, ಜೊಲ್ಲು ಸುರಿಸುತ್ತ, ನುಂಗಲಾಗದೆ, ಕಂಡದ್ದನ್ನು ಕಚ್ಚುವ ನಾಯಿ ರೇಬಿಸ್ ಪೀಡಿತವಾಗಿರಬಹುದು. ಅಂತಹ ನಾಯಿಯನ್ನು ಹಿಡಿಯಲು ಹೋಗದೆ ಕೂಡಲೇ ಗ್ರಾಮ ಪಂಚಾಯತಿಗೆ ಮತ್ತು ಪಶುವೈದ್ಯ ಸಂಸ್ಥೆಗೆ ತಿಳಿಸಬೇಕು.

6. ಸಿಡುಕು ಹೆಚ್ಚಾಗುವ ಸಂಭವ ಇದೆಯೇ?

ಕೆಲವು ನಾಯಿಗಳಲ್ಲಿ ಇದೆ. ಅರ್ಜಿದಾರರು ಇದನ್ನು ಮುಂಚಿತವಾಗಿ ತಿಳಿದಿರಬೇಕು. 1990ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ 150 ಹೆಣ್ಣು ನಾಯಿಗಳನ್ನು ಶಸ್ತ್ರಚಿಕಿತ್ಸೆಯಾಗದ 150 ಹೆಣ್ಣು ನಾಯಿಗಳೊಂದಿಗೆ ಹೋಲಿಸಲಾಯಿತು. ಒಂದು ವರ್ಷ ತುಂಬುವ ಮೊದಲು, ಅದಾಗಲೇ ಮನೆಯವರ ಮೇಲೆ ಗುರುಗುಟ್ಟುತ್ತಿದ್ದ ನಾಯಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಆ ಸ್ವಭಾವ ಹೆಚ್ಚಾದದ್ದು ಕಂಡುಬಂದಿತು. 2006ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಜರ್ಮನ್ ಶೆಫರ್ಡ್ ನಾಯಿಗಳ ಮೇಲೆ ನಡೆಸಿದ ಸಣ್ಣ ಅಧ್ಯಯನದಲ್ಲಿಯೂ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳು ಅಪರಿಚಿತರಿಗೆ ಹೆಚ್ಚು ಪ್ರತಿಕ್ರಿಯಿಸಿದವು.

2018ರಲ್ಲಿ ಪ್ರಕಟವಾದ, ಗಂಡು ಹೆಣ್ಣು ಸೇರಿ 13 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರ ಉತ್ತರಗಳನ್ನು ಆಧರಿಸಿದ ಅಧ್ಯಯನದಲ್ಲಿ ಪರಿಚಿತರ ಮೇಲೆ ಹಾಗೂ ಇತರ ನಾಯಿಗಳ ಮೇಲೆ ಎರಗುವ ಸ್ವಭಾವದಲ್ಲಿ ಶಸ್ತ್ರಚಿಕಿತ್ಸೆಯಿಂದ ವ್ಯತ್ಯಾಸವಾದ ಆಧಾರ ದೊರೆಯಲಿಲ್ಲ. ಅಪರಿಚಿತರ ವಿಷಯದಲ್ಲಿ ಅಲ್ಪ ಹೆಚ್ಚಳ ಮಾತ್ರ ಕಂಡಿತು. 2019ರಲ್ಲಿ ಪ್ರಕಟವಾದ, ಸುಮಾರು 9 ಸಾವಿರ ಹೆಣ್ಣು ನಾಯಿಗಳನ್ನು ಕುರಿತ ಅಧ್ಯಯನದಲ್ಲಿ ತೀರ ಎಳೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಅಂಜಿಕೆ ಮತ್ತು ಸಿಡುಕು ತುಸು ಹೆಚ್ಚಾಗಿ ವರದಿಯಾದವು.

ಈ ಎರಡು ದೊಡ್ಡ ಅಧ್ಯಯನಗಳು ಮಾಲೀಕರ ಹೇಳಿಕೆಗಳನ್ನು ಆಧರಿಸಿವೆ ಎಂಬುದನ್ನು ಗಮನಿಸತಕ್ಕದ್ದು. ಸಿಡುಕಿನ ನಾಯಿಗೇ ಮಾಲೀಕರು ಮೊದಲು ಶಸ್ತ್ರಚಿಕಿತ್ಸೆ ಮಾಡಿಸುವುದೂ ಉಂಟು. ಆದ್ದರಿಂದ ಕಂಡುಬಂದ ವ್ಯತ್ಯಾಸಕ್ಕೆಲ್ಲ ಶಸ್ತ್ರಚಿಕಿತ್ಸೆಯೇ ಕಾರಣ ಎನ್ನಲಾಗದು. ಅಲ್ಲದೆ ಇವು ಹೊರದೇಶಗಳ ಸಾಕು ನಾಯಿಗಳ ಅಧ್ಯಯನಗಳೇ ಹೊರತು ನಮ್ಮ ಹಳ್ಳಿಗಳ ನಾಯಿಗಳದ್ದಲ್ಲ. ಇವುಗಳಿಂದ ಮಾಲೀಕರು ಗ್ರಹಿಸಬೇಕಾದುದು ಇಷ್ಟು: ಒಂದು ವರ್ಷದೊಳಗಿನ, ಬೆದೆಯ ಕಾಲವಲ್ಲದಿದ್ದರೂ ಮನೆಯವರ ಮೇಲೆ ಎರಗುವ ಅಥವಾ ಅಪರಿಚಿತರಿಗೆ ವಿಪರೀತ ಹೆದರುವ ಹೆಣ್ಣು ನಾಯಿಗೆ ಅವಸರದಿಂದ ಶಸ್ತ್ರಚಿಕಿತ್ಸೆ ಮಾಡಿಸಬಾರದು. ಪಶುವೈದ್ಯರೊಂದಿಗೆ ಚರ್ಚಿಸಿ ಸಮಯ ನಿರ್ಧರಿಸಬೇಕು. ಅಷ್ಟರವರೆಗೆ ಬೆದೆಯ ದಿನಗಳಲ್ಲಿ ನಾಯಿಯನ್ನು ಗಂಡು ನಾಯಿಗಳಿಂದ ಬೇರ್ಪಡಿಸಿ ಕೋಣೆ ಅಥವಾ ಕೊಟ್ಟಿಗೆಯೊಳಗೆ ಇಡಬೇಕು.

7. ಕಾವಲು ಗುಣಕ್ಕೆ ಧಕ್ಕೆ ಆಗುವುದೇ?

ಇಲ್ಲ. ಮನೆ, ಹೊಲ ಮತ್ತು ಕುರಿ ಹಿಂಡು ಕಾಯುವ ಗುಣ ತಳಿಯಿಂದ, ಬೆಳೆಸಿದ ರೀತಿಯಿಂದ ಮತ್ತು ಒಡೆಯನೊಂದಿಗಿನ ಒಡನಾಟದಿಂದ ಬರುತ್ತದೆ. ಶಸ್ತ್ರಚಿಕಿತ್ಸೆಯಾದ ನಾಯಿ ಬೆದೆಯ ದಿನಗಳಲ್ಲಿ ಅಲೆಯಲು ಹೋಗುವುದಿಲ್ಲವಾದ್ದರಿಂದ ವರ್ಷವಿಡೀ ಕಾವಲಿನ ಜಾಗದಲ್ಲಿಯೇ ಇರುತ್ತದೆ. ಕುರಿಗಾರರಿಗೆ ಇದು ವಿಶೇಷವಾಗಿ ಅನುಕೂಲ. ಹಿಂಡಿನ ಹೆಣ್ಣು ನಾಯಿ ಬೆದೆಗೆ ಬಂದಾಗ ಊರೂರಿನ ಗಂಡು ನಾಯಿಗಳು ದೊಡ್ಡಿಯ ಸುತ್ತ ಸೇರಿ ಕುರಿಮರಿಗಳಿಗೆ ಅಪಾಯ ಮಾಡುವ ಸಂಭವವೂ ತಪ್ಪುತ್ತದೆ.

ನಾಯಿ ಸೋಮಾರಿಯಾಗುತ್ತದೆ ಎಂಬ ಮಾತು ಹುಟ್ಟಿದ್ದು ಮೈ ಬರುವುದರಿಂದ. ಶಸ್ತ್ರಚಿಕಿತ್ಸೆಯ ನಂತರ ನಾಯಿಗೆ ಬೇಕಾಗುವ ಆಹಾರದ ಪ್ರಮಾಣ ಕಡಿಮೆಯಾಗುತ್ತದೆ, ಹಸಿವು ಹೆಚ್ಚಾಗುತ್ತದೆ. ಮೊದಲಿನಷ್ಟೇ ರೊಟ್ಟಿ, ಅನ್ನ ಹಾಕಿ ಕಟ್ಟಿಹಾಕಿದರೆ ನಾಯಿ ದಪ್ಪವಾಗಿ ಓಡಾಟ ಬಿಡುತ್ತದೆ. ವೈದ್ಯರ ಸಲಹೆಯಂತೆ ಆಹಾರ ಕಡಿಮೆ ಮಾಡಿ ನಿತ್ಯ ಓಡಾಡಿಸಿದರೆ ಈ ತೊಂದರೆ ಬಾರದು.

ಮುಧೋಳ ಮೊದಲಾದ ಶುದ್ಧ ತಳಿಯ ಹೆಣ್ಣು ನಾಯಿ ಹೊಂದಿರುವವರು ಶಸ್ತ್ರಚಿಕಿತ್ಸೆಯ ನಂತರ ಅದರಿಂದ ಮರಿ ಪಡೆಯಲು ಸಾಧ್ಯವಿಲ್ಲ ಎಂಬುದನ್ನು ನೆನಪಿಡಬೇಕು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅಂಚೆ ಚೀಟಿ ಹೊರತಂದ ನಾಯಿ ತಳಿಗಳಲ್ಲಿ ಮುಧೋಳವೂ ಒಂದು. ತಳಿ ಸಂವರ್ಧನೆಯಲ್ಲಿ ಆಸಕ್ತಿ ಇರುವವರು ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಿಂದ ಸಲಹೆ ಪಡೆದು ನಂತರ ತೀರ್ಮಾನಿಸುವುದು ಸೂಕ್ತ.

8. ಬೀದಿ ನಾಯಿಗಳ ವಿಷಯ

ಒಂದು ನಾಯಿಯ ಸ್ವಭಾವಕ್ಕಿಂತ ಊರಿನ ಒಟ್ಟು ನಾಯಿಗಳ ವಿಷಯದಲ್ಲಿ ಶಸ್ತ್ರಚಿಕಿತ್ಸೆಯ ಪರಿಣಾಮ ಹೆಚ್ಚು ಸ್ಪಷ್ಟವಾಗಿದೆ. ರಾಜಸ್ಥಾನದ ಜೈಪುರ ನಗರದಲ್ಲಿ 1990ರ ದಶಕದಿಂದ ಬೀದಿ ಹೆಣ್ಣು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ನೀಡುತ್ತ ಬರಲಾಯಿತು. ಅಲ್ಲಿ ನಾಯಿ ಕಡಿತದ ಪ್ರಕರಣಗಳು ಕಡಿಮೆಯಾದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಕಡಿತಗಳು ಮರಿಗಳಿರುವ ಕಾಲದಲ್ಲಿ ಹೆಚ್ಚುತ್ತಿದ್ದುದನ್ನೂ, ಮರಿ ಹಾಕುವ ನಾಯಿಗಳು ಕಡಿಮೆಯಾದಂತೆ ಕಡಿತಗಳೂ ಇಳಿದುದನ್ನೂ ಅದು ಗುರುತಿಸಿದೆ. ಬೆಂಗಳೂರು ಮಹಾನಗರದಲ್ಲಿ 2019ರ ಸಮೀಕ್ಷೆಯಂತೆ ಸುಮಾರು 3.10 ಲಕ್ಷ ಬೀದಿ ನಾಯಿಗಳಿದ್ದವು. 2023ರ ಸಮೀಕ್ಷೆಯಲ್ಲಿ ಆ ಸಂಖ್ಯೆ ಸುಮಾರು 2.79 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಏರಿತು.

ಊರಿನ ಹತ್ತಾರು ನಾಯಿಗಳಲ್ಲಿ ಎರಡು ಮೂರಕ್ಕೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇಂತಹ ಫಲ ದೊರೆಯುವುದಿಲ್ಲ. ಉಳಿದ ಹೆಣ್ಣು ನಾಯಿಗಳ ಮರಿಗಳು ಆ ಜಾಗ ತುಂಬುತ್ತವೆ. ಹೆಣ್ಣು ನಾಯಿಗಳ ಬಹುಭಾಗಕ್ಕೆ ಶಸ್ತ್ರಚಿಕಿತ್ಸೆಯಾಗಿ, ಅದೇ ಪ್ರಮಾಣವನ್ನು ವರ್ಷ ವರ್ಷವೂ ಕಾಯ್ದುಕೊಳ್ಳಬೇಕು.

ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು, 2023 ಹಿಂದಿನ 2001ರ ನಿಯಮಗಳ ಸ್ಥಾನದಲ್ಲಿ ಜಾರಿಗೆ ಬಂದಿವೆ. ಇವುಗಳಂತೆ ಬೀದಿ ನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಸಾಕು ನಾಯಿಯ ಲಸಿಕೆ ಮತ್ತು ಜಂತುನಾಶಕ ಔಷಧಿಯ ಹೊಣೆ ಮಾಲೀಕರದ್ದು. ಮಾನ್ಯ ಸರ್ವೋಚ್ಚ ನ್ಯಾಯಾಲಯವು 22-08-2025ರ ಆದೇಶದಲ್ಲಿ, ಶಸ್ತ್ರಚಿಕಿತ್ಸೆ ಹಾಗೂ ಲಸಿಕೆಯಾದ ನಾಯಿಗಳನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದೂ, ರೇಬಿಸ್ ಪೀಡಿತ ಅಥವಾ ಶಂಕಿತ ನಾಯಿಗಳನ್ನು ಮತ್ತು ಆಕ್ರಮಣಕಾರಿ ನಾಯಿಗಳನ್ನು ಹಾಗೆ ಬಿಡಬಾರದೆಂದೂ ತಿಳಿಸಿತು. 07-11-2025ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮತ್ತು ಕ್ರೀಡಾ ಸಂಕೀರ್ಣಗಳ ಆವರಣದಿಂದ ತೆರವುಗೊಳಿಸಿದ ನಾಯಿಗಳನ್ನು ಮರಳಿ ಅಲ್ಲಿ ಬಿಡಬಾರದೆಂದು ನಿರ್ದೇಶಿಸಿತು. ಈ ವಿಷಯದಲ್ಲಿ ಆನಂತರದ ಆದೇಶಗಳಿದ್ದಲ್ಲಿ ಅವು ಅನ್ವಯವಾಗುತ್ತವೆ. ಆಕ್ರಮಣಕಾರಿ ನಾಯಿಗಳಿಗೆ ಪ್ರತ್ಯೇಕ ಕ್ರಮ ಹೇಳಿರುವುದನ್ನು ಓದುಗರು ಗಮನಿಸಬೇಕು. ಶಸ್ತ್ರಚಿಕಿತ್ಸೆಯಾಗಿದೆ ಎಂಬ ಕಾರಣಕ್ಕೆ ಕಚ್ಚುವ ನಾಯಿ ಅಪಾಯರಹಿತವಾಗುವುದಿಲ್ಲ.

ನಾಯಿಗಳಿಗೆ ವಿಷ ಹಾಕುವುದು, ಹೊಡೆದು ಕೊಲ್ಲುವುದು ಹಾಗೂ ಹಸಿವು ನೀರಡಿಕೆಯಿಂದ ನರಳುವಂತೆ ಮರಿಗಳನ್ನು ಬಿಟ್ಟುಬರುವುದು ಶಿಕ್ಷಾರ್ಹ ಅಪರಾಧಗಳಾಗಿವೆ.

9. ಸೂಕ್ತ ವಯಸ್ಸು ಮತ್ತು ಸಮಯ

(ಅ) ಸಾಮಾನ್ಯ ಗಾತ್ರದ ಆರೋಗ್ಯವಂತ ಹೆಣ್ಣು ನಾಯಿಗೆ 6 ತಿಂಗಳು ತುಂಬಿದ ನಂತರ ಶಸ್ತ್ರಚಿಕಿತ್ಸೆ ಮಾಡಿಸಬಹುದು. ದೊಡ್ಡ ಗಾತ್ರದ ತಳಿಗಳಿಗೆ ಮೂಳೆಯ ಬೆಳವಣಿಗೆ ಪೂರ್ಣವಾಗಲು ಒಂದು ವರ್ಷ ಅಥವಾ ಹೆಚ್ಚು ಕಾಲ ಕಾಯಲು ವೈದ್ಯರು ಸೂಚಿಸಬಹುದು.

(ಆ) ಬೆದೆಯಲ್ಲಿರುವಾಗ ಗರ್ಭಕೋಶಕ್ಕೆ ರಕ್ತ ಸಂಚಾರ ಹೆಚ್ಚಿರುವುದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಒಳ್ಳೆಯದು.

(ಇ) ಬೆದೆ ಮುಗಿದು ಸುಮಾರು 2 ರಿಂದ 3 ತಿಂಗಳಾದ ಮೇಲೆ, ಹುಸಿ ಗರ್ಭದ ಲಕ್ಷಣ ಇಲ್ಲದಿರುವಾಗ ಮಾಡಿಸುವುದು ಉತ್ತಮ. ಮೊಲೆಯಲ್ಲಿ ಹಾಲಿರುವಾಗ ಅಂಡಾಶಯ ತೆಗೆದರೆ ಪ್ರೊಜೆಸ್ಟರಾನ್ ಒಮ್ಮೆಲೇ ಇಳಿದು ಹುಸಿ ಗರ್ಭದ ಸಿಡುಕು ದೀರ್ಘಕಾಲ ಮುಂದುವರಿಯಬಹುದು. ಶಸ್ತ್ರಚಿಕಿತ್ಸೆಯ ನಂತರ ನಾಯಿ ಹೆಚ್ಚು ಸಿಟ್ಟಾಯಿತು ಎಂಬ ದೂರು ಇದರಿಂದಲೂ ಬರಬಹುದು.

(ಈ) ಮರಿ ಹಾಕಿದ ನಾಯಿಗೆ, ಮರಿಗಳು ಹಾಲು ಬಿಟ್ಟು ಮೊಲೆ ಒಣಗಿದ ನಂತರ ಮಾಡಿಸಬೇಕು.

10. ಆರೋಗ್ಯದ ಮೇಲಿನ ಪರಿಣಾಮ

ಶಸ್ತ್ರಚಿಕಿತ್ಸೆಯಾದ ನಾಯಿಯಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗವು ಬಹುತೇಕ ಬರುವುದಿಲ್ಲ. ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಮೊಲೆಯ ಗಡ್ಡೆಗಳ ಸಂಭವ ಕಡಿಮೆ ಎಂದು ಬಹುಕಾಲದಿಂದ ತಿಳಿಯಲಾಗಿದೆ, ಆದರೆ ಆ ಆಧಾರ ಎಷ್ಟು ಬಲವಾದದ್ದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಗಂಡು ನಾಯಿಯ ಸಂಪರ್ಕದಿಂದ ಹರಡುವ ಜನನಾಂಗದ ಗಡ್ಡೆಯ ಸಂಭವವೂ ಕಡಿಮೆಯಾಗುತ್ತದೆ. ತೊಂದರೆಗಳ ಪೈಕಿ ಮೈ ಬರುವುದು, ಕೆಲವು ನಾಯಿಗಳಲ್ಲಿ, ವಿಶೇಷವಾಗಿ ದೊಡ್ಡ ತಳಿಗಳಲ್ಲಿ, ಮುಂದೆ ಅರಿವಿಲ್ಲದೆ ಮೂತ್ರ ಸೋರುವುದು ಹಾಗೂ ಅರಿವಳಿಕೆಯ ಸಾಮಾನ್ಯ ಅಪಾಯಗಳು ಸೇರಿವೆ.

11. ಸೇವೆ ಪಡೆಯುವ ವಿಧಾನ

(1) ಮಾಲೀಕರು ಮೊದಲು ಸಮೀಪದ ಸರ್ಕಾರಿ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಿ ನಾಯಿಯನ್ನು ಪರೀಕ್ಷೆ ಮಾಡಿಸಬೇಕು. ಎಲ್ಲ ಪ್ರಾಥಮಿಕ ಸಂಸ್ಥೆಗಳಲ್ಲಿ ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವುದಿಲ್ಲ. ಸೌಲಭ್ಯ ಇಲ್ಲದಲ್ಲಿ ತಾಲೂಕು ಅಥವಾ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಗೆ ಹೋಗಲು ಸೂಚಿಸಲಾಗುವುದು. ನಾಯಿಯನ್ನು ಕರೆದೊಯ್ಯುವ ಮೊದಲು ದಿನ ಮತ್ತು ವೇಳೆಯನ್ನು ನಿಗದಿಪಡಿಸಿಕೊಳ್ಳಬೇಕು.

(2) ರೇಬಿಸ್ ಲಸಿಕೆಯ ಕಾರ್ಡ್ ಇದ್ದಲ್ಲಿ ಜೊತೆಗೆ ತರಬೇಕು. ಲಸಿಕೆ ಆಗದಿದ್ದಲ್ಲಿ ಮೊದಲು ಲಸಿಕೆ ಹಾಕಿಸಬೇಕು.

(3) ಕೆಳಕಂಡ ವಿವರಗಳನ್ನು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು:
- ನಾಯಿಯ ವಯಸ್ಸು ಮತ್ತು ಕೊನೆಯ ಬಾರಿ ಬೆದೆಗೆ ಬಂದ ದಿನಾಂಕ
- ಹಿಂದೆ ಮರಿ ಹಾಕಿದ್ದರೆ ಯಾವಾಗ, ಈಗ ಗರ್ಭ ಇರುವ ಸಂಶಯ ಇದೆಯೇ
- ಯಾರನ್ನಾದರೂ ಕಚ್ಚಿದೆಯೇ, ಕಚ್ಚಿದ್ದರೆ ಎಲ್ಲಿ, ಯಾವ ಸಂದರ್ಭದಲ್ಲಿ
- ಬೆದೆಯ ಕಾಲದಲ್ಲಿ ಮಾತ್ರ ಎರಗುತ್ತದೆಯೋ, ಎಲ್ಲ ಕಾಲದಲ್ಲಿಯೋ
- ಹೆದರುವ ಸ್ವಭಾವ ಇದೆಯೇ, ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕಲಾಗುತ್ತದೆ

(4) ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ನಂತರ ಆಹಾರ ಕೊಡಬಾರದು. ನೀರಿನ ಬಗ್ಗೆ ವೈದ್ಯರ ಸೂಚನೆ ಪಾಲಿಸಬೇಕು.

(5) ಕಚ್ಚುವ ನಾಯಿಯಾದಲ್ಲಿ ಬಾಯಿಗೆ ಕುಕ್ಕೆ ಅಥವಾ ಬಟ್ಟೆಯ ಪಟ್ಟಿ ಕಟ್ಟಿ ತರಬೇಕು. ನಾಯಿಗೆ ಪರಿಚಯವಿರುವ ವಯಸ್ಕರೊಬ್ಬರು ಕಡ್ಡಾಯವಾಗಿ ಜೊತೆಗಿರಬೇಕು. ಮಕ್ಕಳ ಕೈಯಲ್ಲಿ ನಾಯಿಯನ್ನು ಕಳುಹಿಸಬಾರದು.

(6) ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಗೆ ಮಾಲೀಕರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಶುಲ್ಕ ನಿಗದಿಯಾಗಿದ್ದಲ್ಲಿ ಪಾವತಿಸಿ ರಸೀದಿ ಪಡೆಯತಕ್ಕದ್ದು.

(7) ಬೀದಿ ನಾಯಿಗಳ ಬಗ್ಗೆ ಮನವಿಯನ್ನು ಸಂಬಂಧಿಸಿದ ಗ್ರಾಮ ಪಂಚಾಯತಿ ಅಥವಾ ಪಟ್ಟಣ ಪಂಚಾಯತಿಗೆ ಲಿಖಿತವಾಗಿ ಸಲ್ಲಿಸಬೇಕು. ಮನವಿಯಲ್ಲಿ ಸ್ಥಳ, ಅಂದಾಜು ನಾಯಿಗಳ ಸಂಖ್ಯೆ, ಮರಿಗಳಿರುವ ನಾಯಿಗಳ ವಿವರ ಹಾಗೂ ಕಡಿತದ ಪ್ರಸಂಗ ನಡೆದಿದ್ದರೆ ಅದರ ದಿನಾಂಕ ನಮೂದಿಸಿದರೆ ಕ್ರಮ ಕೈಗೊಳ್ಳಲು ಅನುಕೂಲವಾಗುತ್ತದೆ.

12. ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಅರಿವಳಿಕೆಯ ಮಂಪರಿನಲ್ಲಿರುವ ನಾಯಿ ಒಡೆಯನನ್ನೂ ಗುರುತಿಸದೆ ಕಚ್ಚಬಹುದು. ಮೊದಲ ದಿನ ಮಕ್ಕಳನ್ನು ಮತ್ತು ಇತರ ನಾಯಿಗಳನ್ನು ದೂರವಿಡಬೇಕು. ಬೆಚ್ಚಗಿನ, ಒಣಗಿದ, ಸ್ವಚ್ಛವಾದ ಜಾಗದಲ್ಲಿ ಮಲಗಿಸಬೇಕು. ಸಗಣಿ, ಕೆಸರು ಇರುವ ಕೊಟ್ಟಿಗೆಯಲ್ಲಿ ಬಿಡಬಾರದು. ಹೊಲಿಗೆಯನ್ನು ನೆಕ್ಕದಂತೆ ಕೊರಳಪಟ್ಟಿ ಹಾಕಬೇಕು. ಹೊಲಿಗೆ ಮಾಯಲು 10 ರಿಂದ 14 ದಿನ ಬೇಕು. ಆ ಅವಧಿಯಲ್ಲಿ ಓಟ, ಜಿಗಿತ ಮತ್ತು ಸ್ನಾನ ಕೂಡದು. ವೈದ್ಯರು ಬರೆದುಕೊಟ್ಟ ನೋವಿನ ಔಷಧಿಯನ್ನು ಮಾತ್ರ ಕೊಡಬೇಕು, ಮನುಷ್ಯರ ಮಾತ್ರೆಗಳನ್ನು ಕೊಡಬಾರದು. ಗಾಯದಲ್ಲಿ ಊತ, ರಕ್ತ, ಕೀವು ಕಂಡರೆ ಅಥವಾ ನಾಯಿ ಮರುದಿನವೂ ಆಹಾರ ಮುಟ್ಟದಿದ್ದರೆ ಕೂಡಲೇ ಆಸ್ಪತ್ರೆಗೆ ತರಬೇಕು.

13. ನಾಯಿ ಕಚ್ಚಿದಲ್ಲಿ

ಕಚ್ಚಿದ ನಾಯಿ ಸಾಕಿದ್ದಾಗಿರಲಿ, ಬೀದಿಯದ್ದಾಗಿರಲಿ, ಶಸ್ತ್ರಚಿಕಿತ್ಸೆಯಾಗಿರಲಿ, ಆಗದಿರಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಎಣ್ಣೆ ಹಚ್ಚಬಾರದು. ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ನಿರೋಧಕ ಚುಚ್ಚುಮದ್ದು ಪಡೆಯಬೇಕು ಮತ್ತು ವೈದ್ಯರು ತಿಳಿಸಿದ ಎಲ್ಲ ದಿನಗಳಂದೂ ಪೂರ್ಣಗೊಳಿಸಬೇಕು. ಆಳವಾದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕಾಗುತ್ತದೆ. ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೋಗಿ ಬದುಕುವುದು ಅತ್ಯಂತ ವಿರಳ.

14. ಸಾರ್ವಜನಿಕರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಒಂದು ಬಾರಿಯಾದರೂ ಮರಿ ಹಾಕಿಸಿದರೆ ನಾಯಿ ಸೌಮ್ಯವಾಗುವುದೇ?
ಉತ್ತರ: ಇದಕ್ಕೆ ಆಧಾರವಿಲ್ಲ. ಆ ಮರಿಗಳಿಗೆ ಮನೆ ಹುಡುಕುವ ಹೊಣೆ ಮಾತ್ರ ಮಾಲೀಕರ ಮೇಲೆ ಬೀಳುತ್ತದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಯ ಬದಲು ಬೆದೆ ತಡೆಯುವ ಚುಚ್ಚುಮದ್ದು ಕೊಡಿಸಬಹುದೇ?
ಉತ್ತರ: ಪ್ರೊಜೆಸ್ಟರಾನ್ ಮಾದರಿಯ ಚುಚ್ಚುಮದ್ದುಗಳಿಂದ ಗರ್ಭಕೋಶದ ಕೀವು ಮತ್ತು ಮೊಲೆಯ ಗಡ್ಡೆಗಳ ಅಪಾಯ ಹೆಚ್ಚುತ್ತದೆ. ವೈದ್ಯರ ಸಲಹೆ ಇಲ್ಲದೆ ಔಷಧ ಅಂಗಡಿಯಿಂದ ತಂದು ಕೊಡಬಾರದು.

ಪ್ರಶ್ನೆ: ಮನೆಯ ಎರಡು ಹೆಣ್ಣು ನಾಯಿಗಳು ಸದಾ ಜಗಳವಾಡುತ್ತವೆ. ಶಸ್ತ್ರಚಿಕಿತ್ಸೆಯಿಂದ ನಿಲ್ಲುವುದೇ?
ಉತ್ತರ: ಬೆದೆಯ ಕಾಲದಲ್ಲಿ ಮಾತ್ರ ಜಗಳವಿದ್ದರೆ ಪ್ರಯೋಜನವಾಗುತ್ತದೆ. ಎಲ್ಲ ಕಾಲದಲ್ಲಿಯೂ ಇದ್ದರೆ ಊಟದ ಮತ್ತು ಮಲಗುವ ಜಾಗವನ್ನು ಬೇರೆ ಬೇರೆ ಮಾಡುವುದು ಮೊದಲ ಕ್ರಮ.

ಪ್ರಶ್ನೆ: ಸ್ವಭಾವದ ಬದಲಾವಣೆ ಎಷ್ಟು ದಿನಗಳಲ್ಲಿ ಕಾಣುತ್ತದೆ?
ಉತ್ತರ: ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಆದರೆ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುವುದು ಮುಂದಿನ ಬೆದೆಯ ಕಾಲ ಬೆದೆಯಿಲ್ಲದೆ ಕಳೆದಾಗ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಾದ ನಾಯಿಗೆ ರೇಬಿಸ್ ಲಸಿಕೆ ಬೇಕೇ?
ಉತ್ತರ: ಬೇಕು. ಶಸ್ತ್ರಚಿಕಿತ್ಸೆಯು ರೇಬಿಸ್ ತಡೆಯುವುದಿಲ್ಲ. ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ ಹಾಕಿಸಿ, ವೈದ್ಯರ ಸೂಚನೆಯಂತೆ ಮುಂದುವರಿಸಬೇಕು.

15. ಸಾರ್ವಜನಿಕರಲ್ಲಿ ಮನವಿ

ಹೆಣ್ಣು ಮರಿ ಎಂಬ ಕಾರಣಕ್ಕೆ ಯಾರೂ ಮರಿಗಳನ್ನು ಊರ ಹೊರಗೆ ಬಿಡಬಾರದು. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿ ಬೆದೆಯ ಹಾಗೂ ಮರಿಗಳ ತೊಂದರೆಯಿಲ್ಲದೆ ಮನೆ ಹೊಲಗಳನ್ನು ಕಾಯುತ್ತದೆ. ಅದು ಜನರೊಂದಿಗೆ ಸೌಮ್ಯವಾಗಿರಬೇಕಾದರೆ ಮರಿಯಿದ್ದಾಗಿನಿಂದ ಜನರ ಒಡನಾಟ, ಹೊಟ್ಟೆಗೆ ಸಾಕಷ್ಟು ಆಹಾರ, ಅಡ್ಡಾಡಲು ಅವಕಾಶ ಮತ್ತು ವರ್ಷಕ್ಕೊಮ್ಮೆ ಲಸಿಕೆ ಸಹ ಆಗತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಕಚೇರಿ ವೇಳೆಯಲ್ಲಿ ಸಮೀಪದ ಸರ್ಕಾರಿ ಪಶುವೈದ್ಯ ಸಂಸ್ಥೆಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ.